ಹಂಗಾಮಿ ತಾಯಿ

ತಾಯಿ ಎಂಬುದೊಂದು ಹುದ್ದೆಯೆಂದು ಗ್ರಾಂಟ್ ರೋಡಿನ ಒಂದು ಕನ್ನಡ ಶಾಲೆಯಲ್ಲಿ ೧೯೫೪ರ ಜುಲೈ ಎಂಟರಂದು ತೀರ್ಮಾನವಾಯಿತು.

ಮೂರನೆಯ ಇಯತ್ತೆಯ ನೀಲಕಂಠಪ್ಪ ಮಾಸ್ತರರ ಹೆಂಡತಿ ನಾಗವ್ವ ಹೆತ್ತ ಹನ್ನೊಂದನೆಯ ದಿನಕ್ಕೆ ತೀರಿಕೊಂಡಿದ್ದಳು. ಮಾಸ್ತರರು ಅತ್ತಿರಲಿಲ್ಲ. ಕೂಸು ಚಂಪಾ ಪುರಸೊತ್ತು ಕೊಟ್ಟಿರಲಿಲ್ಲ. ಅತ್ತೆ ರುದ್ರವ್ವ ಧಾರವಾಡದಿಂದ ಬಂದವಳು ಚಾಳಿನ ಬಾಗಿಲಲ್ಲೇ ಹೇಳಿದಳು:

"ಸಾಲಿಗೆ ಹೋಗೂ ಗಂಡಸು ಕೂಸು ಹ್ಯಾಂಗ ಸಾಕ್ತೀರಿ, ಅಳಿಯಂದ್ರ? ರಜಾ ಸಿಗಲಿಲ್ಲಂದ್ರ ಸೋಮವಾರದ ಗಾಡಿಗೆ ಚಂಪಾನ್ನ ನಾ ಒಯ್ತೀನಿ."

ಮಾಸ್ತರರು ಹೆರಿಗೆ ರಜೆಗೆ ಅರ್ಜಿ ಬರೆದರು.

"ಇದು ತಾಯಿಗೆ ಕೊಡೂ ರಜಾ," ಎಂದರು ಹೆಡ್‌ಮಾಸ್ತರ ಚನ್ನಬಸಯ್ಯನವರು.

"ತಾಯಿ ಇಲ್ಲರೀ."

ಚನ್ನಬಸಯ್ಯನವರು ಕನ್ನಡಕ ಒರೆಸಿದರು. "ಹಂಗಾರ ಹುದ್ದೆ ಖಾಲಿ ಅದ. ಖಾಲಿ ಇದ್ದದ್ದು ತುಂಬಬೇಕಾಗ್ತದ."

ಸಂಜೆಯೊಳಗೆ ಆದೇಶ ಹೊರಟಿತು: "ಶ್ರೀ ನೀಲಕಂಠಪ್ಪ ಇವರನ್ನು ಮೂರು ತಿಂಗಳ ಅವಧಿಗೆ ಹಂಗಾಮಿ ತಾಯಿಯನ್ನಾಗಿ ನೇಮಿಸಿ, ರಜೆ ಮಂಜೂರು ಮಾಡಲಾಗಿದೆ. ಹಾಲುಣಿಸುವ ಬಗ್ಗೆ ಕಚೇರಿಯು ಜವಾಬ್ದಾರಿ ವಹಿಸುವುದಿಲ್ಲ."

ಬಾಣಂತನ ನಿಯಮದಂತೆ ನಡೆದಿದೆಯೇ ಎಂದು ನೋಡಲು ಗುಮಾಸ್ತ ಕಾಶಪ್ಪ ಚಾಳಿಗೆ ಬಂದ. ಪಕ್ಕದ ಖೋಲಿಯ ಗಂಗುಬಾಯಿ ಮಾಸ್ತರರನ್ನು ಮಂಚಕ್ಕೆ ದೂಡಿದಳು. ಮಂಚದ ಕೆಳಗೆ ಕೆಂಡವಿಟ್ಟಳು. ಬಾಯಿಗೊಂದು ಅಂಟಿನ ಉಂಡಿ ತುರುಕಿದಳು.

"ನೋವು ಅದ ಏನ್ರೀ?" ಕಾಶಪ್ಪ ಕೇಳಿದ.

"ಅದ," ಎಂದರು ಮಾಸ್ತರರು. ಅದು ಸುಳ್ಳಲ್ಲ.

ಕಾಶಪ್ಪ ಬರೆದುಕೊಂಡ: "ಬಾಣಂತಿ ಕ್ಷೇಮ. ಮೀಸೆ ಇದೆ. ಅದಕ್ಕೆ ನಿಷೇಧ ಕಂಡುಬರುವುದಿಲ್ಲ."

ಮೂರು ತಿಂಗಳು ಮುಗಿದವು. ಮಾಸ್ತರರು ಕೂಸನ್ನೆತ್ತಿಕೊಂಡು ಶಾಲೆಗೆ ಬಂದರು. ಹಿಂದೆ, ಕೂಸನ್ನು ಊರಿಗೆ ಒಯ್ಯಲೆಂದು ಟ್ರಂಕು ಹೊತ್ತು ರುದ್ರವ್ವನೂ ಬಂದಳು.

"ತಾಯಿ ಹುದ್ದೆ ಚಾರ್ಜು ಯಾರಿಗೆ ಕೊಟ್ರಿ?" ಹೆಡ್‌ಮಾಸ್ತರರು ಕೇಳಿದರು. "ಅದನ್ನ ಕೊಡದ ಇಲ್ಲಿ ಹಾಜರಿ ಇಲ್ಲ."

"ನನ್ನ ಕೈಯಾಗ ಕೊಡ್ರಿ." ರುದ್ರವ್ವ ಸೆರಗು ಒಡ್ಡಿದಳು. ಮಾಸ್ತರರ ಕೈ ಕೂಸನ್ನು ಬಿಡಲಿಲ್ಲ.

"ನೀವು ಯಾರು?" ಎಂದರು ಹೆಡ್‌ಮಾಸ್ತರರು.

"ಯಾರಂದ್ರ? ಅಜ್ಜಿ!"

"ಕಾಶಪ್ಪಾ, ಅಜ್ಜಿ ನಮ್ಮ ಸಿಬ್ಬಂದಿಯೊಳಗ ಬರ್ತಾರೇನು?"

"ಇಲ್ಲರೀ. ಹೊರಗಿನವ್ರು."

"ಹೊರಗಿನವ್ರಿಗೆ ಸಾಲಿ ಹುದ್ದೆ ಕೊಟ್ರ ನಾಳೆ ಮ್ಯಾಲಿನವ್ರು ಕೇಳೂದಿಲ್ಲೇನು?"

ಸಿಬ್ಬಂದಿಯಲ್ಲಿ ಕೂಸು ಹಿಡಿಯಲು ಬರುವವರನ್ನು ಹುಡುಕಲಾಯಿತು. ಒಬ್ಬರೇ ಸಿಕ್ಕರು. ಕಾಶಪ್ಪ ಚಾರ್ಜು ಪಟ್ಟಿ ಬರೆದ: "ಮಗು: ಒಂದು. ಸ್ಥಿತಿ: ಒದ್ದೆ. ಕೊಟ್ಟವರು: ನೀಲಕಂಠಪ್ಪ, ತಾಯಿ. ಪಡೆದವರು: ನೀಲಕಂಠಪ್ಪ, ಸಹಶಿಕ್ಷಕ." ಮಾಸ್ತರರು ಎರಡೂ ಕಡೆ ಸಹಿ ಹಾಕಿದರು. ಕೊಟ್ಟವರು ಪಡೆದವರಿಗೆ ನಮಸ್ಕಾರ ಮಾಡಬೇಕೇ ಎಂಬುದಷ್ಟೇ ಇತ್ಯರ್ಥವಾಗದೆ ಉಳಿಯಿತು.

ಮೂರನೆಯ ಇಯತ್ತೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಸುತ್ತೋಲೆ ಬಂತು: "ಮಗು ಮಲಗಿರುವಾಗ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳತಕ್ಕದ್ದು." ನಲವತ್ತು ಮಕ್ಕಳು ಸದ್ದಿಲ್ಲದೆ ತುಟಿಯಾಡಿಸಿದರು. ಮಾಸ್ತರರು ಒಂದು ಕೈಯಲ್ಲಿ ಸುಣ್ಣದಕಡ್ಡಿ, ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು ಪಾಠ ಮಾಡಿದರು.

ರುದ್ರವ್ವ ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದಳು. ಗಾಡಿಯ ಹೊತ್ತು ಮೀರಿತು. ಆಮೇಲೆ ಟ್ರಂಕು ತೆಗೆದು, ಮಗಳ ಸೀರೆಯೊಂದನ್ನು ಹರಿದು, ಒಳಗೆ ಬಂದು ಅಳಿಯನ ತಲೆಗೆ ಕಿವಿ ಮುಚ್ಚುವಂತೆ ಬಿಗಿದಳು.

"ಹಸೀ ಮೈ. ಬಾಣಂತಿಗೆ ಗಾಳಿ ಬಡೀಬಾರದು."

ಮಾಸ್ತರರು ಹಾಗೆಯೇ ಬೋರ್ಡಿಗೆ ತಿರುಗಿ ಎಂಟರ ಮಗ್ಗಿ ಬರೆದರು. ಯಾರೂ ನಗಲಿಲ್ಲ. ಕೂಸು ಮಲಗಿತ್ತು.