ನೀಲಿ ಗುರುತು

ಪಾಲಯ್ಯನ ಹೋಟೆಲಿನಲ್ಲಿ ಹೇಳಿಕೊಳ್ಳುವಂಥದ್ದು ಒಂದೇ: ಹೆಂಡತಿ ಕೊಟ್ರವ್ವನ ಹರಿಹರದ ತವರಿನಿಂದ ಬಂದ ತಾಮ್ರದ ಚಹಾ ಬಾಯ್ಲರ್. ಅದರ ನಲ್ಲಿ ಪಾಲಯ್ಯನ ಕೈ ಬಿಟ್ಟರೆ ಬೇರೆಯವರ ಮಾತು ಕೇಳುತ್ತಿರಲಿಲ್ಲ, ಸೋರುತ್ತಿತ್ತು. ಪಕ್ಕದ ವಾಮದೇವಪ್ಪನ ಹೋಟೆಲಿನಲ್ಲಿ ಬಾಯ್ಲರ್ ಇರಲಿಲ್ಲ, ನಾಲ್ಕು ಕಲ್ಲಿನ ಮೇಜುಗಳಿದ್ದವು. ದಾವಣಗೆರೆಯ ಹತ್ತಿಗಿರಣಿಯೊಂದು ತನ್ನ ಕ್ಯಾಂಟೀನಿನ ಗುತ್ತಿಗೆಯನ್ನು ಎರಡೂ ಇದ್ದವರಿಗೇ ಕೊಡುವುದಾಗಿ ಹೇಳಿತು.

ಹಿತ್ತಲಲ್ಲಿ ಒಪ್ಪಂದವಾಯಿತು.

“ನನ್ನ ಮೇಜು ನಿನ್ನವು, ನಿನ್ನ ಬಾಯ್ಲರ್ ನಂದು. ಸಾಹೇಬ್ರು ನೋಡಿ ಹೋಗೋತನಕ ಅಷ್ಟ. ಗುತ್ತಿಗೆ ಯಾರಿಗೆ ಸಿಕ್ರೂ ಇನ್ನೊಬ್ರು ಹೊಟ್ಟೆ ಉರ್ಕಳಂಗಿಲ್ಲ,” ಎಂದ ವಾಮದೇವಪ್ಪ.

“ನೀವು ಹಿರೇರು, ಮೊದ್ಲು ನೀವೇ ತೋರಿಸ್ರಿ,” ಎಂದ ಪಾಲಯ್ಯ. ಜನ್ಮದಲ್ಲಿ ಒಮ್ಮೆ ದೊಡ್ಡ ಮನಸ್ಸು ತೋರಿಸಿದ್ದ, ಅದೇ ತಪ್ಪಾಯಿತು.

ನೋಡಲು ಬಂದ ಗಿರಣಿಯ ಬಕ್ಕೇಶಪ್ಪ ಅರಳೆಯ ಮೂಟೆ ಪರೀಕ್ಷಿಸುವ ಮನುಷ್ಯ. ಒಪ್ಪಿಗೆಯಾದ ಮೂಟೆಗೆ ನೀಲಿ ಮೇಣದ ಕಡ್ಡಿಯಿಂದ ಸುತ್ತು ಹಾಕಿ, ನಡುವೆ ‘ಬ’ ಎಂದು ಬರೆಯುವುದು ಅವನ ರೂಢಿ. ವಾಮದೇವಪ್ಪನಲ್ಲಿ, ಪಾಲಯ್ಯ ಮೊದಲೇ ಬಗ್ಗಿಸಿಟ್ಟು ಹೋಗಿದ್ದ ಚಹಾ ಕುಡಿದವನೇ, “ಭೇಷ್!” ಎಂದು ಬಾಯ್ಲರಿಗೂ ಗುರುತು ಹಾಕಿಬಿಟ್ಟ, ನಲ್ಲಿಯ ಮಗ್ಗುಲಿಗೇ.

ಅವನ ಮುಂದೆ ಮಂಡಕ್ಕಿ ಮಿರ್ಚಿ ಇಟ್ಟು ಹೊರಗಿನ ಜಗಲಿಯಲ್ಲಿ ಕೂರಿಸಿದ ಹೊತ್ತಿನಲ್ಲಿ, ಬಾಯ್ಲರ್, ಮೇಜು ಎರಡೂ ಹಿತ್ತಲಿನಿಂದ ಪಾಲಯ್ಯನಲ್ಲಿಗೆ ಬಂದವು. ಗುರುತು ಕಂಡ ಪಾಲಯ್ಯ ಹೆಗಲ ಮೇಲಿನ ವಸ್ತ್ರ ಎಳೆದುಕೊಂಡ. ಒರೆಸಿದ. ಬಿಸಿಗೆ ಮೇಣ ಕರಗಿ, ‘ಬ’ ಇನ್ನಷ್ಟು ದಪ್ಪವಾಯಿತು. ಹೊರಗೆ ಬೂಟಿನ ಸದ್ದು. ಬಾಯ್ಲರನ್ನು ತಿರುಗಿಸಿ ಮುಖ ಗೋಡೆಗೆ ಮಾಡಿದ. ಗುರುತಿನ ಜೊತೆ ನಲ್ಲಿಯೂ ಗೋಡೆಗೆ ಹೋಯಿತು.

ಬಾಯ್ಲರಿಗೂ ಗೋಡೆಗೂ ನಡುವೆ ಹಲ್ಲಿಯಂತೆ ಅಂಟಿಕೊಂಡು ಪಾಲಯ್ಯ ಲೋಟ ಹಿಡಿದ.

“ಯಾಕಯ್ಯ, ಗೋಡೆಗೆ ಚಹಾ ಕುಡಿಸ್ತಿಯೇನು?” ಎಂದ ಒಳಬಂದ ಬಕ್ಕೇಶಪ್ಪ.

“ವಾಸ್ತು ರೀ ಸಾಹೇಬ್ರೆ!”

ಅಷ್ಟರಲ್ಲಿ ಹೊಟ್ಟೆಗೆ ಬಿಸಿ ತಗುಲಿ ಪಾಲಯ್ಯ ಎಗರಿದ. ಬಾಯ್ಲರ್ ಗಿರ್ರನೆ ತಿರುಗಿ, ‘ಬ’ ಬಕ್ಕೇಶಪ್ಪನನ್ನೇ ದಿಟ್ಟಿಸಿತು.

“ಇದು ವಾಮದೇವಪ್ಪಂದು! ಕದ್ದಿಯಾ?”

“ನಂದ್ರೀ ಅದು! ಹರಿಹರದಿಂದ ನಮ್ಮ ಮಾವ...”

“ಹಂಗಾದ್ರೆ ಅಲ್ಲಿಗೆ ಹೆಂಗೆ ಹೋಯ್ತು? ಈ ಮೇಜು ಯಾರವು?”

ಪಾಲಯ್ಯ ಹಿತ್ತಲ ಕಡೆ ನೋಡಿದ. ನಿಜ ಹೇಳಿದರೆ ಒಪ್ಪಂದವೇ ಮೋಸವೆಂದಾಗುತ್ತದೆ, ಹೇಳದಿದ್ದರೆ ಕಳ್ಳತನ. ಹಿತ್ತಲ ಬಾಗಿಲಲ್ಲಿ ವಾಮದೇವಪ್ಪ ಕೈಮುಗಿದು ನಿಂತಿದ್ದ.

“ಪೊಲೀಸ್ನೋರು ಬ್ಯಾಡ್ರಿ ಸಾಹೇಬ್ರೆ. ಪಾಪ, ಏನೂ ಇಲ್ದೋನು. ಬಾಯ್ಲರ್, ಮೇಜು ನಾನೇ ಕೊಟ್ಟೀನಿ.”

ಬಕ್ಕೇಶಪ್ಪನ ಕಣ್ಣು ಒದ್ದೆಯಾಯಿತು. “ಎದುರಾಳಿಗೂ ಕೊಡೋ ಮನಸು! ಗುತ್ತಿಗೆ ನಿಮ್ಗೇ. ಚಹಾ ಮಾತ್ರ ಇದೇ ಬಾಯ್ಲರಿಂದ ಬರ್ಬೇಕು. ಗುರುತು ನೋಡ್ತೀನಿ.”

ಸಂಜೆ ಬಾಯ್ಲರ್ ಗೋಡೆಯಾಚೆ ಹೋಯಿತು.

“ಒಪ್ಪಂದ ಮುರಿಯೋನಲ್ಲ ನಾನು,” ಎಂದ ವಾಮದೇವಪ್ಪ. “ಮೇಜು ನೀನ ಇಟ್ಕ.”

“ಬಾಯ್ಲರ್ ಎಲ್ರಿ? ನಾಳೆ ನಮ್ಮಪ್ಪ ಬರ್ತಾನ,” ಎಂದಳು ಕೊಟ್ರವ್ವ.

ಪಾಲಯ್ಯ ಕಲ್ಲಿನ ಮೇಜಿಗೆ ಹಣೆಯಿಟ್ಟ. ತಣ್ಣಗಿತ್ತು.

ಗೋಡೆಯಾಚೆಯಿಂದ ಕೂಗು ಬಂತು: “ಪಾಲಯ್ಯ, ನಲ್ಲಿ ಸೋರ್ತೈತೆ! ಬೇಗ ಬಾರೋ, ನಾಳೆಯಿಂದ ಗಿರಣಿಗೂ ನೀನ ಬರ್ಬೇಕಾಕೈತೆ!”