ಏಳನೇ ತರಗತಿಯ ಕೊಠಡಿಯನ್ನು ಉತ್ತರ ಪತ್ರಿಕೆಯೆಂದು ಪರಿಗಣಿಸುವ ಬಗ್ಗೆ

ಸಂಖ್ಯೆ: ಪನ/ದಾರ/07
ದಿನಾಂಕ: ಫಲಿತಾಂಶಕ್ಕೆ ಎರಡು ದಿನ ಮುಂಚೆ

ವಿಷಯ: ಕಲಿಕಾ ಶೈಲಿಗೆ ಅನುಗುಣವಾಗಿ ವಿದ್ಯಾರ್ಥಿಗಳು ಪರಿಕಲ್ಪನಾ ನಕ್ಷೆ (ವೃತ್ತಗಳನ್ನು ಬಾಣಗಳಿಂದ ಜೋಡಿಸಿದ ಚಿತ್ರ) ರಚಿಸುವಾಗ ಪಾಲಿಸಬೇಕಾದ ಶಿಸ್ತು, ಹಾಗೂ ತಡೆಹಿಡಿದ ಒಂದು ಫಲಿತಾಂಶ.

ಉಲ್ಲೇಖ: 1. "ಮಕ್ಕಳು ತಮಗೆ ತೋಚಿದಂತೆ ನಕ್ಷೆ ಮಾಡಲಿ" ಎಂಬ ಹಿಂದಿನ ಸುತ್ತೋಲೆ.
2. ಸದರಿ ಸುತ್ತೋಲೆಯ ಬಗ್ಗೆ ಕಚೇರಿಯ ವಿಷಾದ.

ಉಲ್ಲೇಖ ಒಂದನ್ನು ವಿದ್ಯಾರ್ಥಿನಿಯೊಬ್ಬಳು ಅಕ್ಷರಶಃ ಪಾಲಿಸಿ, ವಿಜ್ಞಾನ ಪರೀಕ್ಷೆಯಲ್ಲಿ ಆಹಾರ ಜಾಲದ ನಕ್ಷೆಯನ್ನು ಹಾಳೆಯ ಬದಲು ಕೊಠಡಿಯ ತುಂಬ ಹುಲ್ಲು, ಪ್ರಾಣಿಗಳ ಹೆಸರಿನ ಚೀಟಿ ಅಂಟಿಸಿ, ಅವುಗಳ ನಡುವೆ ದಾರ ಕಟ್ಟಿ ರಚಿಸಿರುವುದು ಗಮನಕ್ಕೆ ಬಂದಿದೆ. ಉತ್ತರ ಪತ್ರಿಕೆಯನ್ನು ಕೆಡಿಸುವುದು ನಿಯಮಬಾಹಿರವಾದ್ದರಿಂದ ದಾರ ಬಿಚ್ಚದೆ ಕೊಠಡಿಗೆ ಮೊಹರು ಹಾಕಲಾಗಿದೆ. ಕೊಠಡಿಯು ಲಕೋಟೆಯಲ್ಲಿ ಹಿಡಿಸದ ಕಾರಣ ಆಕೆಯ ಫಲಿತಾಂಶ ತಡೆಹಿಡಿಯಲಾಗಿದೆ. ನಾಡಿದ್ದಿನೊಳಗೆ ಇತ್ಯರ್ಥವಾಗದಿದ್ದರೆ ಆಕೆ ಎಂಟನೇ ತರಗತಿಗೆ ಸೇರುವಂತಿಲ್ಲ. ಆದ್ದರಿಂದ ಎಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

1. ನೋಡಿ ಕಲಿಯುವವರು ಬಣ್ಣದ ಪೆನ್ಸಿಲ್ ಬಳಸಬಹುದು. ಬಾಣವು ವೃತ್ತವನ್ನು ಮುಟ್ಟಬೇಕು, ಚುಚ್ಚಬಾರದು.

2. ಕೇಳಿ ಕಲಿಯುವವರು ನಕ್ಷೆಯನ್ನು ಬಾಯಲ್ಲಿ ಹೇಳಬಹುದು. ಬಾಣ ಬಂದಲ್ಲಿ ಒಮ್ಮೆ ಕೆಮ್ಮತಕ್ಕದ್ದು. ನಿಜವಾದ ಕೆಮ್ಮಿದ್ದವರು ವೈದ್ಯರ ಪ್ರಮಾಣಪತ್ರ ಲಗತ್ತಿಸಬೇಕು.

3. ಮಾಡಿ ಕಲಿಯುವವರು ದಾರ ಕಟ್ಟುವ ಮುನ್ನ ಕೊಠಡಿ ಮೇಲ್ವಿಚಾರಕರು ಎಲ್ಲಿ ನಿಂತಿದ್ದಾರೆಂದು ನೋಡತಕ್ಕದ್ದು. ಪ್ರಸ್ತುತ ಪ್ರಕರಣದಲ್ಲಿ ಅವರು ಕಪ್ಪೆಗೂ ಹಾವಿಗೂ ನಡುವೆ ಸಿಕ್ಕಿಕೊಂಡು ನಲವತ್ತು ನಿಮಿಷ ಆಹಾರ ಜಾಲದ ಭಾಗವಾಗಿದ್ದರು. ಅವರನ್ನು ಯಾರು ತಿನ್ನುತ್ತಾರೆಂದು ನಮೂದಿಸದಿದ್ದಕ್ಕೆ ಅಂಕ ಕಳೆಯುವಂತಿಲ್ಲ.

4. ಮೌಲ್ಯಮಾಪಕರು ಖುದ್ದಾಗಿ ಒಳಹೊಕ್ಕು, ಬಗ್ಗಿ, ದಾರ ಹಿಡಿದು ಹುಲ್ಲಿನಿಂದ ಹದ್ದಿನವರೆಗೆ ಹೋಗತಕ್ಕದ್ದು. ಸೊಂಟನೋವಿನವರು ಮಿಡತೆಯವರೆಗೆ ಹೋದರೆ ಸಾಕು.

5. ಸದರಿ ಮೌಲ್ಯಮಾಪನವು ವಿದ್ಯಾರ್ಥಿನಿಯ ಸಮಕ್ಷಮ ನಿನ್ನೆ ನಡೆದಿದೆ. ಮೌಲ್ಯಮಾಪಕರು ಇಲಿಯ ದಾರಕ್ಕೆ ಎಡವಿದ್ದರಿಂದ ಇಡೀ ಜಾಲ ಜೋತುಬಿದ್ದಿದೆ. "ಅಯ್ಯೋ, ಎಲ್ಲಾ ಹಾಳಾಯ್ತಲ್ಲಮ್ಮಾ!" ಎಂದು ಅವರು ಉದ್ಗರಿಸಿದ್ದಕ್ಕೆ ವಿದ್ಯಾರ್ಥಿನಿಯು, "ಇಲ್ಲ ಸರ್, ಸರಿಯಾಗೇ ಇದೆ. ಇಲಿ ಹೋದ್ರೆ ಹಾವಿಗೂ ಕಷ್ಟ, ಹದ್ದಿಗೂ ಕಷ್ಟ. ಹೀಗೆ ಜೋತುಬೀಳೋದೇ ಉತ್ತರ" ಎಂದಿರುವುದು ದಾಖಲಾಗಿದೆ. ಕೆಳಗೆ ಸಹಿ ಮಾಡಿದವರು ಕಿಟಕಿಯಾಚೆ ನಿಂತು ಇದನ್ನು ಕೇಳಿಸಿಕೊಂಡಿದ್ದು, ಎರಡೆರಡು ಬಾರಿ ಯೋಚಿಸಿ, ಲಕೋಟೆಯಲ್ಲಿ ಬಂದ ಯಾವ ಉತ್ತರವೂ ಇಷ್ಟು ಸ್ಪಷ್ಟವಾಗಿರಲಿಲ್ಲವೆಂದು ದೃಢೀಕರಿಸುತ್ತಾರೆ.

6. ಆದಕಾರಣ ಆಕೆಯನ್ನು ಉತ್ತೀರ್ಣಳೆಂದು ಘೋಷಿಸಲಾಗಿದೆ. ಷರಾ ಬರೆಯುವ ಜಾಗ ಕಿರಿದಾಗಿರುವುದರಿಂದ "ಬಿದ್ದದ್ದರಿಂದ ಪಾಸು" ಎಂದಷ್ಟೇ ನಮೂದಿಸುವುದು.

(ಸಹಿ)
ಅಧೀಕ್ಷಕಿ, ವೃತ್ತ ಮತ್ತು ಬಾಣ ವಿಭಾಗ

ಪ್ರತಿ:
1. ಕೊಠಡಿ ಮೇಲ್ವಿಚಾರಕರಿಗೆ, ಸಾಂತ್ವನದೊಂದಿಗೆ.
2. ವಿದ್ಯಾರ್ಥಿನಿಯ ತಾಯಿಗೆ, ಸಿಹಿಸುದ್ದಿಗಾಗಿ.
3. ಕಚೇರಿ ಕಡತಕ್ಕೆ.
4. ಎಂಟನೇ ತರಗತಿಯ ವಿಜ್ಞಾನ ಶಿಕ್ಷಕಿಗೆ, ಮುಂಜಾಗ್ರತೆಗಾಗಿ.