ಅಕ್ಕನಿಗೆ ತೋರಿಸದ ಸಮುದ್ರ

ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಬೇರೆ. ನಿಜ ಹೇಳುವ ಧೈರ್ಯವಿಲ್ಲದ ಕಾರಣಕ್ಕೇ ನಾನು ಇಷ್ಟು ವರ್ಷ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಅದೂ ಊರು ಮುಳುಗಿಸುವಂಥ ಸುಳ್ಳುಗಳಲ್ಲ. ಮಳವಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನ್ನ ದರ್ಜೆಗೆ ತಕ್ಕಂತೆ, ಸೀಲು ಒತ್ತಿ ಕಳಿಸಿದಂಥ ಸುಳ್ಳುಗಳು. ರಜೆ ಮಂಜೂರಾಗಿಲ್ಲ, ಆಡಿಟ್‌ನವರು ಬಂದಿದ್ದಾರೆ, ಸಾಹೇಬರು ಕ್ಯಾಂಪಿನಲ್ಲಿದ್ದಾರೆ. ಕೇಳಿದವರು ಪಾಪ ಎಂದು ಮರುಕಪಟ್ಟು ಸುಮ್ಮನಾಗುತ್ತಾರೆ. ಹೀಗೆ ಒಂಬತ್ತು ವರ್ಷ ನನ್ನ ಮೇಲೆ ಮರುಕಪಟ್ಟವಳು ನನ್ನ ಸ್ವಂತ ಅಕ್ಕ, ಜಯಕ್ಕ.

ವಿಷಯ ಇಷ್ಟೇ. ನನಗೆ ಪ್ರಯಾಣ ಆಗುವುದಿಲ್ಲ. ಮಳವಳ್ಳಿಯಿಂದ ಮಂಡ್ಯಕ್ಕೆ, ನನ್ನ ಮಾವನ ಮನೆಯಿರುವ ಮದ್ದೂರಿಗೆ, ಕಿಟಕಿಯ ಪಕ್ಕ ಕೂತು ಹೇಗೋ ಹೋಗಿಬರುತ್ತೇನೆ. ಅದಕ್ಕಿಂತ ಹೆಚ್ಚು ತಿರುವು ಕಂಡರೆ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರುತ್ತದೆ. ಚಿಕ್ಕಂದಿನಲ್ಲಿ ನಮ್ಮ ಕಡೆಯವರೆಲ್ಲ ಹರಕೆ ತೀರಿಸಲು ಲಾರಿ ಮಾಡಿಕೊಂಡು ಮುತ್ತತ್ತಿಗೆ ಹೋದಾಗ ಕಾಡಿನ ಇಳಿಜಾರಿನಲ್ಲಿ ನಾನು ಮೂರು ಸಲ ವಾಂತಿ ಮಾಡಿದೆ. ಎರಡು ಸಲ ಲಾರಿಯಲ್ಲಿ, ಒಂದು ಸಲ ದೊಡ್ಡಪ್ಪನ ಹೊಸ ಪಂಚೆಯ ಮೇಲೆ. ಅಕ್ಕ ನನ್ನನ್ನು ಹೊಳೆಗೆ ಎಳೆದುಕೊಂಡು ಹೋಗಿ ಮೈ ತೊಳೆದಳು, ಅಂಗಿ ಒಗೆದು ಬಂಡೆಯ ಮೇಲೆ ಹರಡಿದಳು. ಕುಮಾರ ಎಂಬ ನನ್ನ ಹೆಸರಿಗೆ ಅಲ್ಲಿಯೇ ಎರಡನೆಯ ನಾಮಕರಣವಾಯಿತು. ಊರಿನ ಹುಡುಗರು ನನ್ನನ್ನು 'ಕಕ್ಕುಮಾರ' ಎಂದು ಕರೆಯತೊಡಗಿದರು. ಕಾಲೇಜಿಗೆಂದು ಮಂಡ್ಯ ಸೇರುವವರೆಗೂ ಆ ಹೆಸರು ನನ್ನನ್ನು ಬಿಡಲಿಲ್ಲ. ಅಲ್ಲಿಗೆ ಹೋದ ಮೇಲೆ, ಈಗ ವಾಸಿಯಾಗಿದೆ ಎಂದು ಅಕ್ಕನಿಗೆ ಹೇಳಿದೆ. ಅವಳು ನಂಬಿದಳು ಎಂದುಕೊಂಡೆ.

ಅಕ್ಕನನ್ನು ಕೆರಗೋಡಿಗೆ ಕೊಟ್ಟಿತ್ತು. ಭಾವ ಪುಟ್ಟಸ್ವಾಮಿ ಭತ್ತ, ಕಬ್ಬು ಬೆಳೆಯುವವರು. ಒಮ್ಮೆ ಅವರೂರಿನ ಮಹಿಳಾ ಸಂಘದವರೆಲ್ಲ ಸೇರಿ ಧರ್ಮಸ್ಥಳ ನೋಡಿಕೊಂಡು ಮಂಗಳೂರಿನ ಸಮುದ್ರಕ್ಕೆ ಹೋಗಿಬರುವುದೆಂದು ನಿಶ್ಚಯವಾಯಿತು. ಅಕ್ಕನೂ ಹೆಸರು ಕೊಟ್ಟಿದ್ದಳು. ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಸುಧಾಗೆ ಹೆರಿಗೆಯಾಯಿತು. ಅತ್ತೆಗೆ ಹುಷಾರಿರಲಿಲ್ಲ. ಅಕ್ಕ ಬಟ್ಟೆಯ ಬ್ಯಾಗನ್ನು ಹಾಗೆಯೇ ಎತ್ತಿಕೊಂಡು ಮಂಗಳೂರಿನ ಬದಲು ಮಳವಳ್ಳಿಗೆ ಬಂದು ಬಾಣಂತನಕ್ಕೆ ನಿಂತಳು. ಸಂಘದವರು ವಾಪಸು ಬಂದು ಒಂದು ವರ್ಷ ಬೇರೆ ಮಾತೇ ಆಡಲಿಲ್ಲವಂತೆ. ಆಗ ನಾನು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉದಾರನಾಗಿ ಕೂತಿದ್ದವನು, "ನಾನೇ ಕರ್ಕೊಂಡು ಹೋಗ್ತೀನಿ ಬಿಡಕ್ಕ" ಎಂದುಬಿಟ್ಟೆ.

ಕೆಲವು ವರ್ಷ ಅವಳಿಗೂ ಪುರುಸೊತ್ತಿರಲಿಲ್ಲ, ಕೇಳಲಿಲ್ಲ. ಆಮೇಲೆ ಟೀವಿಯಲ್ಲಿ ಮಂಗಳೂರಿನ ಕಡಲತೀರದ ಗಾಳಿಪಟ ಉತ್ಸವ ನೋಡಿದಳು. ನಮ್ಮ ಕಡೆ ಗಾಳಿಪಟವೆಂದರೆ ಆಷಾಢದಲ್ಲಿ ಮಕ್ಕಳು ಹಾರಿಸುವ ಕಾಗದದ್ದು, ಸಂಜೆಯೊಳಗೆ ಕರೆಂಟು ತಂತಿಗೆ ಸಿಕ್ಕಿಕೊಂಡಿರುತ್ತದೆ. "ಮೀನಿನಂಗಿರೋ ಪಟ ಬುಡ್ತಾರೆ ಕಣ್ಲಾ ಕುಮಾರ, ಒಂದೊಂದು ಎತ್ತಿನ ಗಾಡಿಯಷ್ಟು ಅವೆ! ಈ ಸಲ ಓಗ್ಬುಟ್ ಬರಾಣ ಕಣ್ಲಾ" ಎಂದು ಫೋನಿನಲ್ಲಿ ಕೂಗಿದಳು. ನಾನು ಚುನಾವಣೆ ಕೆಲಸ ಎಂದೆ. ಮರುವರ್ಷ ಆಡಿಟ್ ಎಂದೆ. ಒಂದು ವರ್ಷ ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಆ ದಿನ ಪತ್ರಿಕೆ ಹಿಡಿದುಕೊಂಡು ನಾನು ಪಟ್ಟ ಸಮಾಧಾನವನ್ನು ಹೇಳಿದರೆ ನೀವು ನನ್ನೊಂದಿಗೆ ಮಾತು ಬಿಡುತ್ತೀರಿ. ರೈಲಿದೆಯಲ್ಲ ಎನ್ನಬಹುದು. ನಾನು ರೈಲಿನಲ್ಲೂ ಅಷ್ಟೇ. ಮಾತ್ರೆ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ. ಆದರೆ ನಮ್ಮೂರಿನ ಔಷಧಿ ಅಂಗಡಿಯವನು ನನ್ನ ಶಾಲೆಯ ಸಹಪಾಠಿ. ಮೀಸೆ ನರೆತ ಮೇಲೆ ಅವನೆದುರು ನಿಂತು ವಾಂತಿ ಮಾತ್ರೆ ಕೇಳುವುದಕ್ಕಿಂತ ಅಕ್ಕನಿಗೆ ಇನ್ನೊಂದು ಆಡಿಟ್ ಹೇಳುವುದು ಸುಲಭವಾಗಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದ ಅಕ್ಕ ಎದೆ ಹಿಡಿದುಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿದಳು. ಮಂಡ್ಯದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇರಲಿಲ್ಲ.

ತಿಂಗಳುಗಳು ಕಳೆದ ಮೇಲೆ ಭಾವ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಒಳಗೆ ಹೊಸ ರಬ್ಬರ್ ಚಪ್ಪಲಿ, ದಾರ ಕಟ್ಟಿದ್ದು ಹಾಗೆಯೇ ಇತ್ತು. "ಬೀರು ಕೆಳಗಿತ್ತು. ಉಪ್ಪುನೀರಿಗೆ ಚರ್ಮದ್ದು ಆಳಾಯ್ತದೆ ಅಂತ ಯಾರೋ ಏಳವ್ರೆ, ತಕ್ಕಂಡು ಮಡಗವ್ಳೆ. ನಿಂಗಾದ್ರೂ ಆಯ್ತದೇನೋ ನೋಡಮ್ಮ" ಎಂದು ಸುಧಾಗೆ ಕೊಟ್ಟರು. ಸುಧಾ ಹಾಕಿಕೊಂಡಳು, ಸರಿಯಾಗಿಯೇ ಆಯಿತು. ಎರಡು ಹೆಜ್ಜೆ ಇಟ್ಟು ಬಿಚ್ಚಿಟ್ಟಳು. ಆಮೇಲೆ ಅಡುಗೆಮನೆಗೆ ನನ್ನನ್ನು ಕರೆದು, "ನಾಳೆ ರಜಕ್ಕೆ ಬರ್ಕೊಡಿ. ನಿಮ್ಮ ಭಾವನ ಸಮುದ್ರಕ್ಕೆ ಕರ್ಕೊಂಡೋಗಿ. ಮಾತ್ರೆ ನಾನು ತರ್ತೀನಿ" ಎಂದಳು. ನಾನು ಬಾಯಿ ತೆರೆದೆ. "ಆಡಿಟ್ ಅಂದ್ರೆ ನೋಡಿ ಮತ್ತೆ" ಎಂದಳು.

ಮಗಳಿಗೆ ಪರೀಕ್ಷೆ ಇದ್ದುದರಿಂದ ಅವಳೂ ಸುಧಾಳೂ ಮನೆಯಲ್ಲೇ ಉಳಿದರು. ಉತ್ಸವದ ಹಿಂದಿನ ದಿನ ನಾನು, ಭಾವ ಮೈಸೂರಿಗೆ ಹೋಗಿ ಮಂಗಳೂರಿನ ಬಸ್ಸು ಹತ್ತಿದೆವು. ಯಾರೂ ನೋಡದಂತೆ ಮಾತ್ರೆ ನುಂಗಿದೆ, ಒಂದಕ್ಕೆ ಎರಡು. ಕೊಡಗಿನ ಬೆಟ್ಟ, ಕಾಡು, ಘಾಟಿ ಯಾವುದೂ ನನಗೆ ಕಾಣಲಿಲ್ಲ. ಎಚ್ಚರವಾದಾಗ ಬಸ್ಸು ತೆಂಗಿನ ಮರಗಳ ನಡುವೆ ಓಡುತ್ತಿತ್ತು, ನನ್ನ ತಲೆ ಭಾವನ ಹೆಗಲ ಮೇಲಿತ್ತು. "ಚೆನ್ನಾಗಿ ನಿದ್ದೆ ಮಾಡ್ದೆ ಬುಡು" ಎಂದರು. ನನ್ನ ಜೊಲ್ಲಿಗೆ ನೆಂದ ಅಂಗಿಯ ಹೆಗಲನ್ನು ಟವೆಲಿನಿಂದ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ದೋಣಿಗಳು ಮೀನು ಇಳಿಸುವ ದಕ್ಕೆಗೆ ಹೋದೆವು. ರಾಶಿ ಬಿದ್ದ ಮೀನು, ಕೂಗಾಟ, ಒದ್ದೆ ನೆಲ. ಭಾವ ಪಂಚೆ ಎತ್ತಿಕಟ್ಟಿ ಎಲ್ಲವನ್ನೂ ನಿಧಾನವಾಗಿ ನೋಡಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿನ ಖಾಲಿ ಕುರ್ಚಿಯನ್ನು ಹೋಟೆಲಿನವರು ಬೇರೆ ಮೇಜಿಗೆ ಎಳೆದುಕೊಂಡು ಹೋದರು. ಭಾವ ಆ ಜಾಗವನ್ನೇ ನೋಡುತ್ತಾ ಊಟ ಮುಗಿಸಿದರು. ಸಂಜೆ ಕಡಲತೀರ ತಲುಪಿದೆವು. ಜಾತ್ರೆಯಂಥ ಜನ. ವೇದಿಕೆಯಲ್ಲಿ ಹಾಡು, ಚುರುಮುರಿ ಅಂಗಡಿ, ನೀರಿನ ಮೇಲೆ ಸ್ಕೂಟರಿನಂಥದ್ದನ್ನು ಓಡಿಸುವ ಹುಡುಗರು. ಮೇಲೆ, ಅಕ್ಕ ಹೇಳಿದ ಹಾಗೆಯೇ, ಗಾಡಿಯಷ್ಟು ದೊಡ್ಡ ಮೀನುಗಳು ಬಾಲ ಆಡಿಸುತ್ತಾ ಗಾಳಿಯಲ್ಲಿ ತೇಲುತ್ತಿದ್ದವು. ಭಾವ ಮೊದಲು ನೀರು ನೋಡಿದರು. ಕೃಷಿಕರಲ್ಲವೇ, "ಇದ್ಕೆ ತೂಬಿಲ್ವೇನಯ್ಯ?" ಎಂದರು. ಆಮೇಲೆ ಮೇಲೆ ನೋಡಿದರು.

"ಅವಳು ಟೀವೀಲಿ ನೋಡಿದ್ದು ಇದೇಯಾ?"

"ಇದೇ ಭಾವ."

ಟವೆಲಿನಿಂದ ಮುಖ ಒರೆಸಿಕೊಂಡು, ಉಪ್ಪುಗಾಳಿ ಎಂದರು.

ಸ್ವಲ್ಪ ಹೊತ್ತು ಎಲ್ಲಿಗೋ ಹೋಗಿ ಬಂದವರು ಕೈಯಲ್ಲಿ ಎರಡು ಚೀಟಿ ಹಿಡಿದಿದ್ದರು. ಪ್ರವಾಸಿಗರನ್ನು ಕೂರಿಸಿಕೊಂಡು ಕಡಲಿನಲ್ಲಿ ಒಂದು ಸುತ್ತು ಹಾಕಿಸುವ ಬೋಟಿನ ಚೀಟಿ. ಅಲೆಯ ಮೇಲೆ ಕುಣಿಯುತ್ತಿದ್ದ ಆ ಬೋಟನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದೆ. ನಾಲಿಗೆ ತನ್ನ ಕೆಲಸ ತಾನೇ ಮಾಡಿತು. "ನೀವು ಹೋಗ್ಬನ್ನಿ ಭಾವ. ಸಾಹೇಬ್ರು ಫೋನ್ ಮಾಡ್ತೀನಿ ಅಂದಿದ್ರು. ನೀರಿನ ಮೇಲೆ ಸಿಗ್ನಲ್ ಇರಲ್ಲ."

ಭಾವ ನನ್ನ ಮುಖ ನೋಡಿದರು. ಕೋಪವಿರಲಿಲ್ಲ, ಅದೇ ಕಷ್ಟವಾಯಿತು.

"ಇನ್ಯಾರ್ಗೆ ಏಳ್ತಾ ಇದ್ದೀಯ ಕುಮಾರ? ನಿಮ್ಮಕ್ಕಂಗೆ ಎಲ್ಲಾ ಗೊತ್ತಿತ್ತು ಕಣಯ್ಯ. ನಿಂಗೆ ಬಸ್ಸಾಗಾಕಿಲ್ಲ, ಅದ್ಕೇ ತಪ್ಪುಸ್ಕತೀಯ ಅಂತ ಮೊದಲ್ನೇ ವರ್ಸವೇ ನಂಗೇಳಿದ್ಲು."

ಸುತ್ತ ಜನ ಕೇಕೆ ಹಾಕುತ್ತಿದ್ದರು.

"ನಾನೊಂದ್ಸಲ ರೇಗ್ದೆ. ಅವನ್ನ ಕಾಯ್ಕಂಡು ಎಷ್ಟು ವರ್ಸ ಕೂತೀಯ, ನಡಿ ನಾವಿಬ್ರೇ ಓಗ್ಬುಟ್ ಬರಾಣ ಅಂದೆ. ಒಲ್ಲೆ ಅಂದ್ಲು. 'ನಾವಿಬ್ರೇ ಓದ್ರೆ ನಮ್ಗೆ ಎಲ್ಲಾ ಗೊತ್ತು ಅಂತ ಅವನಿಗೆ ಗೊತ್ತಾಯ್ತದೆ. ಆಮೇಲೆ ನನ್ ಮುಖ ನೋಡಾಕೆ ನಾಚ್ಕತಾನೆ. ಅವನೇ ಒಂದಿನ ಬಾಯ್ಬುಟ್ಟು ಏಳ್ಲಿ, ಸಮುದ್ರ ಎಲ್ಗೋಯ್ತದೆ' ಅಂದ್ಲು." ಭಾವ ಕಡಲಿನತ್ತ ಕೈ ತೋರಿಸಿದರು. "ಅದು ಎಲ್ಗೂ ಓಗ್ಲಿಲ್ಲ ನೋಡು."

ಇಷ್ಟು ವರ್ಷ ನಾನು ಅಕ್ಕನನ್ನು ನಂಬಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಂಬಿದಂತೆ ನಟಿಸುತ್ತಾ ಅವಳು ನನ್ನ ಮಾನ ಕಾಯುತ್ತಿದ್ದಳು. ಒಂದು ಮಾತು ಸಾಕಿತ್ತು: ಅಕ್ಕ, ನಂಗೆ ಈಗಲೂ ವಾಂತಿಯಾಗುತ್ತೆ. ಅವಳು ನಕ್ಕು, ನಿಂಬೆಹಣ್ಣು ಸೆರಗಿಗೆ ಕಟ್ಟಿಕೊಂಡು, ನನ್ನನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಸಮುದ್ರಕ್ಕೆ ಹೋಗಿಬರುತ್ತಿದ್ದಳು.

"ನಂಗೆ ಆಗಲ್ಲ ಭಾವ," ಎಂದೆ. "ಬೋಟಲ್ಲಿ ವಾಂತಿ ಬರುತ್ತೆ."

"ಬರ್ಲಿ. ಅತ್ತು."

ಹತ್ತಿದೆ. ಕೊರಳಿಗೆ ಕಿತ್ತಳೆ ಬಣ್ಣದ ಜಾಕೆಟ್ಟು ಕಟ್ಟಿದರು. ಬೋಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. ನಾನು ಅಂಚಿನ ಕಂಬಿ ಹಿಡಿದು ಹೊರಗೆ ಬಗ್ಗಿದೆ. ಮಧ್ಯಾಹ್ನ ತಿಂದ ಮೀನು ಅದರ ಮನೆ ಸೇರಿತು. ಬೋಟಿನವರು ಗಾಬರಿಯಾಗಿ, "ಎಂತ ಮಾರಾಯ್ರೆ, ಬೋಟು ಇನ್ನೂ ಹೊರಡ್ಲೇ ಇಲ್ಲ!" ಎಂದರು. ಜೊತೆಗಿದ್ದವರೆಲ್ಲ ನಕ್ಕರು. ಭಾವನೂ ನಕ್ಕರು, ಬೆನ್ನು ತಿಕ್ಕುತ್ತಲೇ.

ಹೊರಟ ಮೇಲೆ ನಾನು ತಲೆ ಎತ್ತಲಿಲ್ಲ. ಎತ್ತಿದರೆ ಸುತ್ತುತ್ತಿತ್ತು. ಮಂಡಿಗಳ ನಡುವೆ ಮುಖ ಇಟ್ಟುಕೊಂಡು ಕೂತೆ. "ಎತ್ಬೇಡ ಬುಡು, ನಾನೇ ಏಳ್ತೀನಿ" ಎಂದು ಭಾವ ಶುರುಮಾಡಿದರು. ದೂರದಲ್ಲಿ ದೊಡ್ಡ ಹಡಗೊಂದು ನಿಂತಿದೆಯಂತೆ, ನಮ್ಮ ಕೆರೆ ಏರಿಯಷ್ಟು ಉದ್ದ. ನೀರು ಅಲ್ಲಿ ಹಸಿರು, ಇಲ್ಲಿ ಬೂದಿ. ಬಂದರಿನಲ್ಲಿ ಆಕಾಶಕ್ಕೆ ಮುಟ್ಟುವ ಕ್ರೇನುಗಳು. ದಡದ ಜನ ರಾಗಿ ಚೆಲ್ಲಿದ ಹಾಗೆ ಕಾಣುತ್ತಾರಂತೆ, ಮೀನಿನ ಪಟಗಳು ಇನ್ನೂ ಆಡುತ್ತಿವೆಯಂತೆ. ಎರಡು ದಿನದಲ್ಲಿ ಅಷ್ಟು ಮಾತಾಡದಿದ್ದ ಮನುಷ್ಯ ಒಂದೇ ಸಮನೆ ಹೇಳುತ್ತಾ ಹೋದರು. ದನಿ ಬರುಬರುತ್ತಾ ಮೆತ್ತಗಾಯಿತು.

"ಅಗಾ, ಸೂರ್ಯ ಇಳೀತಾ ಅವ್ನೆ. ಎಷ್ಟ್ ಕೆಂಪ್ಗವ್ನೆ ನೋಡಮ್ಮಿ."

ಭಾವ ಅಮ್ಮಿ ಎಂದು ಕರೆಯುತ್ತಿದ್ದದ್ದು ಅಕ್ಕನನ್ನು. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ, ಬೆನ್ನ ಮೇಲಿದ್ದ ಕೈ ಮಾತ್ರ ನಿಂತುಹೋಯಿತು. ಹೊಟ್ಟೆ ಅಷ್ಟರಲ್ಲಿ ಸುಧಾರಿಸಿತ್ತು, ತಲೆ ಎತ್ತಬಹುದಾಗಿತ್ತು. ಎತ್ತಲಿಲ್ಲ. ದಡ ಸೇರುವವರೆಗೂ ವಾಂತಿ ಬರುವವನ ಹಾಗೆಯೇ ಬಗ್ಗಿ ಕೂತಿದ್ದೆ.

ಸೋಮವಾರ ಕಚೇರಿಯಲ್ಲಿ ಎಲ್ಲರೂ ಮೇಜಿನ ಸುತ್ತ ನಿಂತು, ಸಮುದ್ರ ಹೇಗಿತ್ತು ಸಾರ್ ಎಂದು ಕೇಳಿದರು. ನನಗೆ ಕಂಡಷ್ಟನ್ನು ಹೇಳಿದೆ: ಬೋಟಿನ ತಳಕ್ಕೆ ನೀಲಿ ಬಣ್ಣ ಹೊಡೆದಿದ್ದರು, ಅಲ್ಲಲ್ಲಿ ಎದ್ದುಹೋಗಿತ್ತು. ಸಾರ್ ತಮಾಷೆ ಮಾಡುತ್ತಾರೆ ಎಂದು ನಕ್ಕು ಹೊರಟುಹೋದರು.